ಹೃದಯ ಮತ್ತೆ ಮಿಡಿದ ಮೇಲೆ

(ಟ್ರಸ್ಟಿನ ವಾರ್ಷಿಕ ಮಹಾಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ವೈದ್ಯಕೀಯ ನೆರವು ಸಮಿತಿಯ ಪರವಾಗಿ ಮಾಡಿದ ಭಾಷಣ)

 

ಈ ಸಭೆಯಲ್ಲಿ ಓದಿನ ಬಗ್ಗೆ, ಶಿಸ್ತಿನ ಬಗ್ಗೆ ನಾಲ್ಕು ಮಾತು ಆಡುವುದು ನಮ್ಮ ವಾಡಿಕೆ. ಈ ಬಾರಿ ಅಧ್ಯಕ್ಷರು ಬೇರೆ ವಿಷಯ ಕೊಟ್ಟಿದ್ದಾರೆ. ನೆರವು ಕೋರಿ ನಮ್ಮ ಸಮಿತಿಯ ಮುಂದೆ ಬರುವ ಅರ್ಜಿಗಳಲ್ಲಿ ಒಂದು ಬಗೆಯವು ನಮ್ಮನ್ನು ಬಹಳ ಕಾಡುತ್ತವೆ. ಹೃದಯ ನಿಂತು, ವೈದ್ಯರ ಶ್ರಮದಿಂದ ಮತ್ತೆ ಮಿಡಿದು, ಐಸಿಯುನಲ್ಲಿ ಕಣ್ಣು ಮುಚ್ಚಿ ಮಲಗಿರುವವರ ಮನೆಯವರು ತರುವ ಅರ್ಜಿಗಳವು. ಅವರು ಹಣ ಕೇಳಲು ಬರುತ್ತಾರೆ, ಆದರೆ ಹಣಕ್ಕಿಂತ ಮೊದಲು ಪ್ರಶ್ನೆ ಕೇಳುತ್ತಾರೆ. “ಸಾರ್, ಇಷ್ಟೊಂದು ಇಂಜೆಕ್ಷನ್ ಹಾಕುತ್ತಿದ್ದಾರೆ, ಆದರೂ ಯಾಕೆ ಎಚ್ಚರವಾಗಿಲ್ಲ? ಮನೆಗೆ ಕರೆದುಕೊಂಡು ಹೋಗಿಬಿಡೋಣವೇ?”

ನಾವು ವೈದ್ಯರಲ್ಲ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ರೋಗಿಗೆ ಯಾವ ಔಷಧಿ, ಎಷ್ಟು ಎಂದು ಹೇಳುವ ಅಧಿಕಾರ ನಮಗಿಲ್ಲ. ಆದರೆ ವೈದ್ಯರು ಕೊಡುವ ಔಷಧಿ ಯಾವ ಕೆಲಸಕ್ಕೆ ಎಂಬುದನ್ನು ಮನೆಯವರಿಗೆ ತಿಳಿಯುವ ಮಾತಿನಲ್ಲಿ ಹೇಳಬಲ್ಲೆವು. ಎಲ್ಲರೂ ಆರೋಗ್ಯವಾಗಿರುವಾಗಲೇ ಇದನ್ನು ತಿಳಿದುಕೊಂಡಿರುವುದು ಒಳ್ಳೆಯದು. ಐಸಿಯು ಬಾಗಿಲ ಮುಂದೆ ನಿಂತಾಗ ಪಾಠ ಕೇಳುವ ಮನಸ್ಸು ಯಾರಿಗೂ ಇರುವುದಿಲ್ಲ.

ಮೊದಲಿಗೆ ಎರಡು ಪದಗಳು. ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ಹೃದಯಾಘಾತ. ಆಗ ಎದೆ ನೋವು, ಬೆವರು, ಉಸಿರಾಟದ ತೊಂದರೆ ಕಾಣಿಸಿಕೊಳ್ಳಬಹುದು, ಆದರೆ ಸಾಮಾನ್ಯವಾಗಿ ರೋಗಿ ಮಾತಾಡುತ್ತಿರುತ್ತಾನೆ. ಹೃದಯದ ಬಡಿತವೇ ನಿಂತು ರಕ್ತ ಮುಂದಕ್ಕೆ ಹೋಗದಿದ್ದರೆ ಅದು ಹೃದಯ ಸ್ತಂಭನ. ಮನುಷ್ಯ ಕುಸಿಯುತ್ತಾನೆ, ಕರೆದರೆ ಓಗೊಡುವುದಿಲ್ಲ, ಸರಿಯಾಗಿ ಉಸಿರಾಡುವುದಿಲ್ಲ. ಹೃದಯಾಘಾತ ಸ್ತಂಭನಕ್ಕೆ ಒಂದು ದೊಡ್ಡ ಕಾರಣ, ಆದರೆ ಅದೊಂದೇ ಕಾರಣವಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಏರುಪೇರಾಗುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು, ವಿಷ, ವಿದ್ಯುತ್ ಆಘಾತ, ನೀರಿನಲ್ಲಿ ಮುಳುಗುವುದು, ಇವೂ ಹೃದಯವನ್ನು ನಿಲ್ಲಿಸಬಲ್ಲವು.

ಸ್ತಂಭನವಾದ ಕ್ಷಣದಲ್ಲಿ ಬದುಕಿಸುವುದು ಮೊದಲಿಗೆ ಕೈ, ಆಮೇಲೆ ಯಂತ್ರ. ಎದೆಯ ಮಧ್ಯೆ ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುವುದು, ಡಿಫಿಬ್ರಿಲೇಟರ್‌ನಿಂದ ಶಾಕ್ ಕೊಡುವುದು. ಔಷಧಿಗಳು ಇವುಗಳ ಜೊತೆಗೆ ಬರುತ್ತವೆ. ಮುಖ್ಯವಾದದ್ದು ಅಡ್ರಿನಲಿನ್, 1 ಮಿಲಿಗ್ರಾಂ, 3ರಿಂದ 5 ನಿಮಿಷಕ್ಕೊಮ್ಮೆ. ಅದು ರಕ್ತನಾಳಗಳನ್ನು ಬಿಗಿಗೊಳಿಸಿ, ಎದೆ ಒತ್ತುವಾಗ ಹೃದಯಕ್ಕೆ ಹೆಚ್ಚು ರಕ್ತ ಹೋಗುವಂತೆ ಮಾಡುತ್ತದೆ. ಹೃದಯದ ಕೆಳಕೋಣೆಗಳು ಸುಮ್ಮನೆ ಅದುರುತ್ತಿದ್ದು, ಮೂರು ಶಾಕ್ ಕೊಟ್ಟರೂ ಲಯಕ್ಕೆ ಬರದಿದ್ದರೆ ಅಮಿಯೋಡರೋನ್ 300 ಮಿಲಿಗ್ರಾಂ ಕೊಡುತ್ತಾರೆ. ಅದರ ಬದಲು ಲಿಡೋಕೇನ್ ಕೊಡುವುದೂ ಉಂಟು.

ಇಲ್ಲಿ ಒಂದು ಅಧ್ಯಯನದ ಮಾತು ಹೇಳಬೇಕು. ಆಸ್ಪತ್ರೆಯ ಹೊರಗೆ ಹೃದಯ ನಿಂತ 8,000ಕ್ಕೂ ಹೆಚ್ಚು ಜನರ ಮೇಲೆ ಬ್ರಿಟನ್ನಿನಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ಅಡ್ರಿನಲಿನ್, ಅರ್ಧ ಜನರಿಗೆ ಬರೀ ಉಪ್ಪುನೀರಿನ ಇಂಜೆಕ್ಷನ್. 30 ದಿನಗಳ ನಂತರ ಅಡ್ರಿನಲಿನ್ ಪಡೆದವರಲ್ಲಿ ಶೇ. 3.2 ಮಂದಿ, ಪಡೆಯದವರಲ್ಲಿ ಶೇ. 2.4 ಮಂದಿ ಬದುಕಿದ್ದರು. ಔಷಧಿ ಜೀವ ಉಳಿಸಿತು ಎನ್ನುವುದು ನಿಜ. ಆದರೆ ಮಿದುಳಿಗೆ ಹೆಚ್ಚು ಪೆಟ್ಟಾಗದೆ ಬದುಕಿದವರ ಸಂಖ್ಯೆಯಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೃದಯವನ್ನು ಎಬ್ಬಿಸುವುದು ಒಂದು ಕೆಲಸ, ಮಿದುಳನ್ನು ಕಾಪಾಡುವುದು ಇನ್ನೊಂದು ಕೆಲಸ ಎಂಬುದನ್ನು ಈ ಲೆಕ್ಕ ತೋರಿಸಿತು. ಆ ಎರಡನೆಯ ಕೆಲಸ ನಡೆಯುವುದು ಐಸಿಯುನಲ್ಲಿ. ಹಾಗಾಗಿ “ಹೃದಯ ಬಡಿಯುತ್ತಿದೆಯಲ್ಲ, ಇನ್ನೇನು ಔಷಧಿ?” ಎಂದು ಕೇಳುವವರಿಗೆ ನಾವು ಹೇಳುವುದಿಷ್ಟೇ: ಅರ್ಧ ದಾರಿ ಇನ್ನೂ ಬಾಕಿ ಇದೆ.

ಈಗ ಹಾಸಿಗೆಯ ಪಕ್ಕದ ಆ ಪಂಪುಗಳನ್ನು, ಬಾಟಲಿಗಳನ್ನು ಒಂದೊಂದಾಗಿ ನೋಡೋಣ.

ಒಂದು, ರಕ್ತದೊತ್ತಡದ ಔಷಧಿ. ಕೆಲವು ನಿಮಿಷ ರಕ್ತವಿಲ್ಲದೆ ಬಳಲಿದ ಹೃದಯ ಮತ್ತೆ ಮಿಡಿದರೂ ಮೊದಲ ಒಂದೆರಡು ದಿನ ಅದರ ಕಸುವು ಕಡಿಮೆ. ಒತ್ತಡ ಕುಸಿದರೆ ಮಿದುಳಿಗೆ ಎರಡನೆಯ ಬಾರಿ ಪೆಟ್ಟು ಬೀಳುತ್ತದೆ. ಅದಕ್ಕಾಗಿ ಸಾಮಾನ್ಯವಾಗಿ ನಾರ್‌ಅಡ್ರಿನಲಿನ್ ಔಷಧಿಯನ್ನು ಪಂಪಿನ ಮೂಲಕ ಹನಿಹನಿಯಾಗಿ ಬಿಡುತ್ತಾರೆ. ಸರಾಸರಿ ಒತ್ತಡ ಕನಿಷ್ಠ 65ರ ಮೇಲೆ ಇರಬೇಕು ಎಂಬುದು ಗುರಿ. ಹೃದಯದ ಹಿಂಡುವ ಬಲ ಸಾಲದಿದ್ದರೆ ಡೊಬುಟಮಿನ್ ಸೇರಿಸುತ್ತಾರೆ. ನರ್ಸ್ ಗಂಟೆಗೊಮ್ಮೆ ಪಂಪಿನ ಅಂಕಿ ನೋಡಿ ಬರೆದುಕೊಳ್ಳುವುದು ಇದಕ್ಕೇ. ಆ ಅಂಕಿ ದಿನದಿನಕ್ಕೆ ಇಳಿಯುತ್ತಿದ್ದರೆ, ಹೃದಯ ತನ್ನ ಭಾರವನ್ನು ತಾನೇ ಹೊರಲು ಶುರುಮಾಡಿದೆ ಎಂದು ಅರ್ಥ. ಮನೆಯವರು ವೈದ್ಯರನ್ನು ಕೇಳಬಹುದಾದ ಒಳ್ಳೆಯ ಪ್ರಶ್ನೆ ಇದು: “ಒತ್ತಡದ ಔಷಧಿ ನಿನ್ನೆಗಿಂತ ಕಡಿಮೆಯಾಗಿದೆಯೇ?”

ಎರಡು, ಆಮ್ಲಜನಕ. ಅದನ್ನೂ ಔಷಧಿ ಎಂದೇ ತಿಳಿಯಬೇಕು. ಕಡಿಮೆಯಾದರೆ ಅಪಾಯ, ಅಳತೆ ಮೀರಿದರೂ ಹಾನಿ. ರಕ್ತದಲ್ಲಿ ಶೇ. 94ರಿಂದ 98ರಷ್ಟು ಇರುವಂತೆ ನೋಡಿಕೊಳ್ಳುವುದು ಪದ್ಧತಿ. “ಆಕ್ಸಿಜನ್ ಕಡಿಮೆ ಮಾಡಿದ್ದಾರೆ, ದುಡ್ಡು ಕಟ್ಟಲಿಲ್ಲ ಅಂತ” ಎಂದು ದೂರುವವರುಂಟು. ಪರದೆಯ ಮೇಲೆ 100 ಇದ್ದರೆ ಕಡಿಮೆ ಮಾಡುವುದೇ ಸರಿಯಾದ ಚಿಕಿತ್ಸೆ.

ಮೂರು, ನಿದ್ದೆಯ ಮತ್ತು ನೋವಿನ ಔಷಧಿ. ಗಂಟಲಲ್ಲಿ ವೆಂಟಿಲೇಟರ್ ಕೊಳವೆ ಇರುವವರಿಗೆ ಪ್ರೊಪೊಫಾಲ್, ಮಿಡಜೋಲಾಮ್, ಫೆಂಟನಿಲ್ ಮುಂತಾದವನ್ನು ಕೊಡುತ್ತಾರೆ. ನಡುಕ ಬಂದರೆ ಸ್ನಾಯುಗಳನ್ನು ಸಡಿಲಗೊಳಿಸುವ ಔಷಧಿಯನ್ನೂ ಕೊಡಬಹುದು. ಇದರ ಬಗ್ಗೆ ಮುಂದೆ ಬೇರೆಯಾಗಿಯೇ ಮಾತಾಡುತ್ತೇವೆ.

ನಾಲ್ಕು, ಅಪಸ್ಮಾರದ ಔಷಧಿ. ಪೆಟ್ಟು ತಿಂದ ಮಿದುಳಿನಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಕೈಕಾಲು ಅದುರಬಹುದು, ಹೊರಗೆ ಏನೂ ಕಾಣದೆಯೂ ಇರಬಹುದು. ಇಇಜಿ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಲೆವೆಟಿರಾಸಿಟಾಮ್ ಅಥವಾ ವಾಲ್‌ಪ್ರೊಯೇಟ್ ಕೊಡುತ್ತಾರೆ. ಇದನ್ನು ಕಂಡು “ಇವರಿಗೆ ಮೂರ್ಛೆರೋಗ ಅಂಟಿಕೊಂಡಿತು” ಎಂದು ಊರಲ್ಲಿ ಸುದ್ದಿ ಹಬ್ಬಿಸಬಾರದು.

ಐದು, ಜ್ವರದ ಔಷಧಿ. ಪ್ಯಾರಾಸಿಟಮಾಲ್ ಎಂದರೆ ನಮಗೆ ಸದರ. ಆದರೆ ಇಲ್ಲಿ ಅದರ ಹಿಂದೆ ದೊಡ್ಡ ಇತಿಹಾಸವಿದೆ. 2002ರಲ್ಲಿ ಯುರೋಪ್ ಮತ್ತು ಆಸ್ಟ್ರೇಲಿಯಾದ ಎರಡು ಅಧ್ಯಯನಗಳ ನಂತರ ರೋಗಿಯ ಮೈಯನ್ನು 32ರಿಂದ 34 ಡಿಗ್ರಿ ಸೆಲ್ಸಿಯಸ್‌ಗೆ ತಂಪುಮಾಡುವ ಕ್ರಮ ಬಂತು. 2021ರಲ್ಲಿ ಸುಮಾರು 1,900 ರೋಗಿಗಳ ಅಧ್ಯಯನದಲ್ಲಿ, 33 ಡಿಗ್ರಿಗೆ ತಂಪುಮಾಡಿದವರಿಗೂ, ಬರೀ ಜ್ವರ ಬಾರದಂತೆ ನೋಡಿಕೊಂಡವರಿಗೂ ಆರು ತಿಂಗಳ ನಂತರ ವ್ಯತ್ಯಾಸ ಕಾಣಲಿಲ್ಲ. ಈಗ ಮುಖ್ಯವಾದದ್ದು ಮೊದಲ ಎರಡು ಮೂರು ದಿನ ಜ್ವರ ಏರದಂತೆ ತಡೆಯುವುದು. ನಾವು “ಬರೀ ಜ್ವರದ ಮಾತ್ರೆ” ಎಂದು ಅಲಕ್ಷಿಸುವುದು ಅಲ್ಲಿ ಮಿದುಳಿನ ಕಾವಲು ಕಾಯುತ್ತಿರುತ್ತದೆ. ತಂಪಾಗಿಟ್ಟ ರೋಗಿಯ ಮೇಲೆ ಕರುಣೆಯಿಂದ ಉಣ್ಣೆ ಕಂಬಳಿ ಹೊದಿಸಬೇಡಿ, ನರ್ಸನ್ನು ಕೇಳಿ.

ಆರು, ಇನ್ಸುಲಿನ್ ಮತ್ತು ಲವಣಗಳು. ಸಕ್ಕರೆ ಕಾಯಿಲೆ ಇಲ್ಲದವರಿಗೂ ಈ ಸಮಯದಲ್ಲಿ ಸಕ್ಕರೆ ಏರುತ್ತದೆ, ಅದನ್ನು 180ರ ಒಳಗಿಡಲು ಇನ್ಸುಲಿನ್ ಬೇಕಾಗಬಹುದು. ಪೊಟ್ಯಾಸಿಯಂ, ಮೆಗ್ನೀಸಿಯಂ ಕಡಿಮೆಯಾದರೆ ಹೃದಯದ ಲಯ ಮತ್ತೆ ತಪ್ಪುತ್ತದೆ, ಅದಕ್ಕೆ ಪದೇ ಪದೇ ರಕ್ತ ಪರೀಕ್ಷೆ.

ಏಳು, ಮೂಲ ಕಾರಣದ ಔಷಧಿ. ಕಾರಣ ಹೃದಯಾಘಾತವಾದರೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲಾರ್, ಹೆಪಾರಿನ್, ಮತ್ತು ಆಂಜಿಯೋಪ್ಲಾಸ್ಟಿ. ಕಾರಣ ಬೇರೆಯಾದರೆ ಔಷಧಿಯೂ ಬೇರೆ. ಹೀಗಾಗಿ ಪಕ್ಕದ ಹಾಸಿಗೆಯವರಿಗೆ ಕೊಟ್ಟದ್ದನ್ನು ನಮ್ಮವರಿಗೂ ಕೊಡಿ ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ಇನ್ನು ನಿದ್ದೆಯ ಔಷಧಿಯ ಮಾತು. ಇದೊಂದು ವಿಷಯ ಮನಸ್ಸಿನಲ್ಲಿ ಉಳಿದರೆ ಈ ಭಾಷಣ ಸಾರ್ಥಕ. ಎರಡನೆಯ ದಿನ ರೋಗಿ ಕಣ್ಣು ತೆರೆಯದಿದ್ದರೆ ಅದು ಮಿದುಳಿನ ಪೆಟ್ಟಿನಿಂದಲೋ, ಪಂಪಿನಲ್ಲಿ ಹೋಗುತ್ತಿರುವ ನಿದ್ದೆಯ ಔಷಧಿಯಿಂದಲೋ ಎಂದು ನೋಡಿದ ಮಾತ್ರಕ್ಕೆ ಹೇಳಲಾಗದು. ಮೂತ್ರಪಿಂಡ, ಯಕೃತ್ತು ದುರ್ಬಲವಾಗಿದ್ದರೆ, ವಯಸ್ಸಾಗಿದ್ದರೆ, ಔಷಧಿ ನಿಲ್ಲಿಸಿದ ಮೇಲೂ ಅದರ ಮಂಪರು ಬಹಳ ಹೊತ್ತು ಉಳಿಯುತ್ತದೆ. ಆದ್ದರಿಂದಲೇ ಎಚ್ಚರವಾಗದ ರೋಗಿಯ ಮಿದುಳಿನ ಭವಿಷ್ಯದ ಬಗ್ಗೆ ತೀರ್ಮಾನಕ್ಕೆ ಬರುವ ಮೊದಲು ಕನಿಷ್ಠ 72 ಗಂಟೆ ಕಾಯಬೇಕು, ನಿದ್ದೆಯ ಔಷಧಿ ಮೈಯಿಂದ ಇಳಿದಿರಬೇಕು, ಒಂದೇ ಪರೀಕ್ಷೆಯನ್ನು ನಂಬದೆ ಕಣ್ಣಿನ ಪಾಪೆ, ಇಇಜಿ, ಸ್ಕ್ಯಾನ್ ಹೀಗೆ ಹಲವನ್ನು ಒಟ್ಟಿಗೆ ನೋಡಬೇಕು ಎಂದು ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ. ಅದರ ನಂತರ ಎಚ್ಚರವಾದವರೂ ಇದ್ದಾರೆ.

ಎರಡನೆಯ ದಿನವೇ ಸಹಿ ಹಾಕಿ ಮನೆಗೆ ಕರೆತಂದರೆ ವೆಂಟಿಲೇಟರೂ ಹೋಯಿತು, ಒತ್ತಡದ ಔಷಧಿಯೂ ಹೋಯಿತು, ಎಚ್ಚರವಾಗುವ ಅವಕಾಶವೂ ಹೋಯಿತು. ಎಲ್ಲರೂ ಬದುಕುತ್ತಾರೆಂದು ನಾವು ಹೇಳುತ್ತಿಲ್ಲ. ಹೃದಯ ಮತ್ತೆ ಮಿಡಿದು ಆಸ್ಪತ್ರೆ ಸೇರಿದವರಲ್ಲೂ ಅನೇಕರು ಉಳಿಯುವುದಿಲ್ಲ. ಕಾದು, ಪರೀಕ್ಷಿಸಿ, ವೈದ್ಯರು ಇನ್ನು ಸಾಧ್ಯವಿಲ್ಲ ಎಂದಾಗ ಅದನ್ನು ಒಪ್ಪಿಕೊಳ್ಳುವುದೂ ಧೈರ್ಯವೇ. ಆದರೆ ಔಷಧಿಯ ನಿದ್ದೆಯನ್ನು ಸಾವೆಂದು ತಿಳಿದು ಆತುರಪಡಬಾರದು. ಆ ಮೂರು ದಿನ ಹಣದ ಕಾರಣಕ್ಕೆ ಯಾರೂ ರೋಗಿಯನ್ನು ಹೊರತರಬಾರದು ಎಂಬುದು ನಮ್ಮ ಸಮಿತಿಯ ಆಸೆ. ರಾತ್ರಿಯಾದರೂ ಸರಿ, ಸಹಿ ಹಾಕುವ ಮುನ್ನ ಸಮಿತಿಯ ಯಾರಿಗಾದರೂ ಒಂದು ಫೋನ್ ಮಾಡಿ.

ಹಣದ ಮಾತು ಬಂದದ್ದರಿಂದ ಹೇಳುತ್ತೇವೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ರೇಷನ್ ಕಾರ್ಡ್, ಆಧಾರ್ ಕಾರ್ಡ್ ಎರಡನ್ನೂ ಒಂದೇ ಕವರಿನಲ್ಲಿ ಇಟ್ಟುಕೊಂಡಿರಿ. 46ನೇ ವಯಸ್ಸಿಗೆ ನಮ್ಮನ್ನಗಲಿದ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ, ಹೃದಯಾಘಾತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಎದೆನೋವು ಬಂದಾಗಲೇ ಅಲ್ಲಿಗೆ ಹೋದರೆ ಎಷ್ಟೋ ಸ್ತಂಭನಗಳನ್ನು ತಡೆಯಬಹುದು. ಇನ್ನೊಂದು ಮಾತು, ದುಬಾರಿ ಔಷಧಿಯೇ ಒಳ್ಳೆಯ ಔಷಧಿ ಅಲ್ಲ. ಅಡ್ರಿನಲಿನ್ ದುಬಾರಿಯಲ್ಲ, ಪ್ಯಾರಾಸಿಟಮಾಲ್ ದುಬಾರಿಯಲ್ಲ. ಹೆಚ್ಚು ಔಷಧಿಯೂ ಒಳ್ಳೆಯದಲ್ಲ. ಹೃದಯ ನಿಂತಾಗ ಕ್ಯಾಲ್ಸಿಯಂ ಕೊಟ್ಟರೆ ಒಳ್ಳೆಯದೇ ಎಂದು ಡೆನ್ಮಾರ್ಕಿನಲ್ಲಿ ನಡೆದ ಪರೀಕ್ಷೆಯನ್ನು, ಹಾನಿಯ ಸೂಚನೆ ಕಂಡದ್ದರಿಂದ ಮಧ್ಯದಲ್ಲೇ ನಿಲ್ಲಿಸಬೇಕಾಯಿತು. “ಎಷ್ಟು ಖರ್ಚಾದರೂ ಸರಿ, ದೊಡ್ಡ ಇಂಜೆಕ್ಷನ್ ಹಾಕಿ” ಎಂದು ಒತ್ತಾಯಿಸುವುದು ಪ್ರೀತಿಯಿಂದಲೇ ಇರಬಹುದು, ಅದರಿಂದ ರೋಗಿಗೆ ಉಪಕಾರವಾಗದು.

ಹಾಗಾದರೆ ಮನೆಯವರು ಮಾಡಬಹುದಾದ ಉಪಕಾರ ಯಾವುದು? ರೋಗಿ ಮನೆಯಲ್ಲಿ ತೆಗೆದುಕೊಳ್ಳುತ್ತಿದ್ದ ಎಲ್ಲವನ್ನೂ ವೈದ್ಯರ ಮುಂದೆ ಇಡುವುದು. ಬಿಪಿ ಮಾತ್ರೆ, ಸಕ್ಕರೆ ಮಾತ್ರೆ ಮಾತ್ರ ಸಾಲದು. ಹೋದ ವಾರ ಮೆಡಿಕಲ್ ಶಾಪಿನಿಂದ ತಂದ ಅಜಿತ್ರೊಮೈಸಿನ್, ವಾಂತಿಗೆ ತೆಗೆದುಕೊಂಡ ಮಾತ್ರೆ, ಮಾನಸಿಕ ಕಾಯಿಲೆಯ ಮಾತ್ರೆ, ಇವುಗಳಲ್ಲಿ ಕೆಲವು ಹೃದಯದ ಲಯವನ್ನು ಕೆಡಿಸಬಲ್ಲವು. ಅವುಗಳ ಜೊತೆ ಅಮಿಯೋಡರೋನ್ ಸೇರಿದರೆ ಅಪಾಯ ಹೆಚ್ಚು. ನಾಟಿ ಮದ್ದನ್ನೂ ಮುಚ್ಚಿಡಬೇಡಿ. ಜ್ಯೇಷ್ಠಮಧುವನ್ನು ದಿನವೂ ಹೆಚ್ಚಾಗಿ ಸೇವಿಸಿದರೆ ಪೊಟ್ಯಾಸಿಯಂ ಇಳಿಯುತ್ತದೆ. ಸರಿಯಾಗಿ ಶುದ್ಧಿ ಮಾಡದ ವತ್ಸನಾಭಿ ಹೃದಯದ ಲಯವನ್ನೇ ತಪ್ಪಿಸುತ್ತದೆ. ಖಾಲಿ ಮಾತ್ರೆ ಪಟ್ಟಿಗಳನ್ನೂ ಚೀಟಿಗಳನ್ನೂ ಒಂದು ಚೀಲಕ್ಕೆ ಹಾಕಿ ತನ್ನಿ. ಯಾವ ಔಷಧಿಗೆ ಅಲರ್ಜಿ ಇದೆ, ಕುಸಿದಾಗ ಎಷ್ಟು ಗಂಟೆಯಾಗಿತ್ತು, ಎದೆ ಒತ್ತಲು ಶುರುಮಾಡಿದ್ದು ಎಷ್ಟು ಹೊತ್ತಿಗೆ, ಇವನ್ನು ಮನೆಯ ಒಬ್ಬರು ಬರೆದಿಟ್ಟುಕೊಂಡು ಹೇಳಲಿ. ಹತ್ತು ಜನ ಹತ್ತು ರೀತಿ ಹೇಳುವುದು ಬೇಡ.

ನಮ್ಮ ಸಮಾಜದವರು ಮೆಲುದನಿಯಲ್ಲಿ ಕೇಳುವ ಒಂದು ಪ್ರಶ್ನೆಗೆ ಇಲ್ಲಿ ಬಹಿರಂಗವಾಗಿ ಉತ್ತರಿಸುವುದು ಒಳ್ಳೆಯದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಹೆಚ್ಚಾಗಿ ತಯಾರಾಗುವುದು ಹಂದಿಯ ಕರುಳಿನ ಒಳಪೊರೆಯಿಂದ. ಎನಾಕ್ಸಪಾರಿನ್ ಕೂಡ ಅದರಿಂದಲೇ ಬರುತ್ತದೆ. ಇದನ್ನು ತಿಳಿದವರು ಗಾಬರಿಯಾಗುತ್ತಾರೆ, ಕೆಲವರು ಬೇಡ ಎನ್ನುತ್ತಾರೆ. ಪ್ರಾಣ ಉಳಿಸುವ ಅನಿವಾರ್ಯ ಸಂದರ್ಭದಲ್ಲಿ ನಿಷಿದ್ಧವೂ ಅನುಮತವಾಗುತ್ತದೆ ಎಂಬುದು ನಮ್ಮ ಧರ್ಮಶಾಸ್ತ್ರದ ಪ್ರಸಿದ್ಧ ನಿಯಮ. ಫೋಂಡಪಾರಿನಕ್ಸ್ ಎಂಬ, ಪ್ರಾಣಿಮೂಲವಲ್ಲದ ಔಷಧಿಯೂ ಇದೆ, ಆದರೆ ಎಲ್ಲ ಸಂದರ್ಭಕ್ಕೂ ಅದು ಹೊಂದುವುದಿಲ್ಲ. ಬದಲಿ ಸಾಧ್ಯವೇ ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ. ಸಾಧ್ಯವಿಲ್ಲ ಎಂದರೆ ಆ ಗಳಿಗೆಯಲ್ಲಿ ತಡ ಮಾಡಬೇಡಿ. ಮನಸ್ಸಿಗೆ ಸಮಾಧಾನ ಬೇಕಿದ್ದರೆ ಮಸೀದಿಯ ಮೌಲಾನಾರನ್ನು ಆರೋಗ್ಯವಾಗಿರುವ ಈ ದಿನಗಳಲ್ಲೇ ಕೇಳಿಟ್ಟುಕೊಳ್ಳಿ.

ರೋಗಿ ಎಚ್ಚರಗೊಂಡು ಮನೆಗೆ ಬಂದರು ಎನ್ನಿ. ಅಲ್ಹಮ್ದುಲಿಲ್ಲಾಹ್. ಆದರೆ ಚಿಕಿತ್ಸೆ ಮುಗಿಯಲಿಲ್ಲ. ಸ್ಟೆಂಟ್ ಹಾಕಿದ್ದರೆ ಆಸ್ಪಿರಿನ್ ಜೊತೆ ಎರಡನೆಯ ಮಾತ್ರೆಯನ್ನು ಸಾಮಾನ್ಯವಾಗಿ ಒಂದು ವರ್ಷದವರೆಗೆ ತೆಗೆದುಕೊಳ್ಳಬೇಕು. ಹಲ್ಲು ಕೀಳಿಸಲು, ಮದುವೆ ಮನೆಯ ಓಡಾಟದಲ್ಲಿ, ತಿಂಗಳ ಕೊನೆಯಲ್ಲಿ ದುಡ್ಡಿಲ್ಲವೆಂದು ತಾವಾಗಿಯೇ ನಿಲ್ಲಿಸಿದರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಮೆಟೊಪ್ರೊಲಾಲ್‌ನಂಥ ಮಾತ್ರೆಯನ್ನು ಇದ್ದಕ್ಕಿದ್ದಂತೆ ಬಿಡಬಾರದು. ಅಮಿಯೋಡರೋನ್ ಮುಂದುವರಿಸಿದ್ದರೆ ಥೈರಾಯಿಡ್, ಯಕೃತ್ತು, ಶ್ವಾಸಕೋಶದ ಪರೀಕ್ಷೆಗಳನ್ನು ಆಗಾಗ ಮಾಡಿಸಬೇಕು. ಮೊಣಕಾಲು ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗಬಾರದು. ಖರ್ಚು ಭಾರವಾದರೆ ಜನೌಷಧಿ ಕೇಂದ್ರದಲ್ಲಿ ಇದೇ ಔಷಧಿಗಳಲ್ಲಿ ಹಲವು ಕಡಿಮೆ ಬೆಲೆಗೆ ಸಿಗುತ್ತವೆ.

ರಂಜಾನ್ ತಿಂಗಳ ಬಗ್ಗೆಯೂ ಹೇಳಬೇಕು. ರೋಗಿಗೆ ಉಪವಾಸದಿಂದ ವಿನಾಯಿತಿ ಇದೆ. ಹೃದಯ ನಿಂತು ಬದುಕಿಬಂದವರು ಹಠಕ್ಕೆ ಬಿದ್ದು ಉಪವಾಸ ಹಿಡಿದು ಮಧ್ಯಾಹ್ನದ ಮಾತ್ರೆ ಬಿಡುವುದು ಸರಿಯಲ್ಲ. ತಿಂಗಳು ಶುರುವಾಗುವ ಮೊದಲೇ ವೈದ್ಯರನ್ನು ಕಂಡು, ಉಪವಾಸ ಮಾಡಬಹುದೇ, ಮಾತ್ರೆಗಳನ್ನು ಸಹರಿ ಮತ್ತು ಇಫ್ತಾರಿಗೆ ಹೊಂದಿಸಬಹುದೇ ಎಂದು ಕೇಳಿ. ಬೇಡ ಎಂದರೆ ಬೇಡ. ತಾಯಂದಿರೇ, ಮನೆಯಲ್ಲಿ ಈ ಮಾತು ನಡೆಯುವುದು ನಿಮ್ಮಿಂದಲೇ.

ಕೊನೆಯದಾಗಿ ಮಕ್ಕಳಿಗೆ. ಮೇಲೆ ಹೇಳಿದ ಪಂಪುಗಳನ್ನು ರಾತ್ರಿಯಿಡೀ ಕಾಯುವವರು ನರ್ಸ್‌ಗಳು. ಯಾವ ಔಷಧಿ ಯಾವುದರ ಜೊತೆ ಸೇರಬಾರದು ಎಂದು ನೋಡುವವರು ಫಾರ್ಮಸಿ ಓದಿದವರು. ಇಇಜಿ ತೆಗೆಯುವವರು, ವೆಂಟಿಲೇಟರ್ ನೋಡಿಕೊಳ್ಳುವವರು ತಂತ್ರಜ್ಞರು. ಮೆಡಿಕಲ್ ಸೀಟು ಸಿಗಲಿಲ್ಲವೆಂದು ಮುಖ ಸಣ್ಣ ಮಾಡಿಕೊಂಡು ಕೂತವರು ಈ ಕೆಲಸಗಳನ್ನು ಒಮ್ಮೆ ನೋಡಿ. ಡಿ.ಫಾರ್ಮ, ಬಿ.ಫಾರ್ಮ, ಜಿಎನ್‌ಎಂ, ಬಿಎಸ್ಸಿ ನರ್ಸಿಂಗ್, ಪ್ಯಾರಾಮೆಡಿಕಲ್ ಕೋರ್ಸುಗಳಿಗೆ ಸೇರುವ ಹುಡುಗರೂ ಹುಡುಗಿಯರೂ ನಮ್ಮ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ವಿವರಗಳು ಈ ವರದಿಯ ಪ್ರಕಟಣೆ ಪುಟದಲ್ಲಿವೆ. ಪಡೆದವರಲ್ಲಿ ನಾವು ಕೇಳುವುದು ಒಂದೇ. ಓದು ಮುಗಿದ ಮೇಲೆ ಐಸಿಯು ಹೊರಗೆ ಕುಳಿತ ಯಾವುದೋ ಮನೆಯವರ ಪಕ್ಕ ಐದು ನಿಮಿಷ ಕುಳಿತು, ಒಳಗೆ ಯಾವ ಔಷಧಿ ಏಕೆ ಹೋಗುತ್ತಿದೆ ಎಂದು ಅವರ ಭಾಷೆಯಲ್ಲಿ ತಿಳಿಸಿ ಹೇಳಿ. ಅವರು ಯಾವ ಜಾತಿ, ಯಾವ ಧರ್ಮ ಎಂದು ನೋಡಬೇಡಿ.

 ಈ ಸಭೆ ಮುಗಿದ ಮೇಲೆ ಪಕ್ಕದ ಕೊಠಡಿಯಲ್ಲಿ ಎದೆ ಒತ್ತುವ ಕ್ರಮವನ್ನು ಬೊಂಬೆಯ ಮೇಲೆ ಕಲಿಸಲಾಗುತ್ತದೆ. ಊಟಕ್ಕೆ ಹೋಗುವ ಮುನ್ನ ಪ್ರತಿ ಮನೆಯಿಂದ ಒಬ್ಬರಾದರೂ ಅಲ್ಲಿಗೆ ಬಂದು ಕಲಿತು ಹೋಗಿ ಎಂದು ಕೇಳಿಕೊಂಡು ನಮ್ಮ ಮಾತು ಮುಗಿಸುತ್ತೇವೆ.